ಹತ್ತನೆಯ ಬಂದೂಕು

ಬೋಲ್ಟು ಅರ್ಧಕ್ಕೆ ನಿಂತಿತು. ಹಾಲಸಿದ್ದ ಅಂಗೈಯಿಂದ ಗುದ್ದಿದ. ಮತ್ತೆ ಗುದ್ದಿದ. ಗುಂಡು ಓರೆಯಾಗಿ ಸಿಕ್ಕಿಕೊಂಡು, ಮುಂದೆ ಹೋಗಲೊಲ್ಲೆ, ಹಿಂದೆ ಬರಲೊಲ್ಲೆ ಎಂದು ಹಟ ಹಿಡಿದಿತ್ತು. ಬೆಳಗಿನಿಂದ ಇದು ಏಳನೆಯ ಸಲ.

"ಲೇ ಹಾಲಸಿದ್ದ, ಎಮ್ಮಿ ಹಿಂಡಾಕತ್ತಿಯೇನು ಅಲ್ಲಿ?" ಫೌಜದಾರ ಭೀಮಸಿ ವ್ಯಾನಿನ ನೆರಳಿನಿಂದಲೇ ಕೇಳಿದ. "ಹನ್ನೆರಡಕ್ಕ ದೊಡ್ಡ ಸಾಹೇಬ್ರು ಬರ್ತಾರ. ಇಷ್ಟು ಮಂದಿ ಎದುರಿಗೆ ನಿನ್ನ ಬಂದೂಕು ಬಾಯಿ ಬಿಡಲಿಲ್ಲಂದ್ರ, ಬೆಲ್ಟ್ ಬಿಚ್ಚಿಟ್ಟು ನಿಮ್ಮೂರು ಐಗಳಿಗಿ ಹೋಗಿ ಕುರಿ ಕಾಯಿ."

"ಸೋಮವಾರ ಚಲೋ ಇತ್ರಿ ಸಾಹೇಬ್ರ."

"ಸೋಮವಾರದ ಸುದ್ದಿ ತಗೀಬ್ಯಾಡ."

ಹತ್ತು ಜನ ಪೊಲೀಸರು, ಹತ್ತು ತ್ರೀ ನಾಟ್ ತ್ರೀ ಬಂದೂಕು. ಉಳಿದ ಒಂಬತ್ತು ಎಡವುತ್ತ ತಡವರಿಸುತ್ತ ಹೇಗೋ ನಡೆಯುತ್ತಿದ್ದವು, ಹತ್ತನೆಯದೇ ಮೊಂಡ. ಎಲ್ಲರ ಬೂಟುಗಳಲ್ಲೂ ಮುಖ ಕಾಣುತ್ತಿತ್ತು. ಜನರ ಮುಂದೆ ನಿಲ್ಲುವಾಗ ಸರ್ಕಾರ ಬೂಟಿನ ಹೊಳಪಿಗೆ ಎಂದೂ ಕಡಿಮೆ ಮಾಡಿದ್ದಿಲ್ಲ.

ಅಂಕಲಿ ರಸ್ತೆಗೆ ಹೊಂದಿಕೊಂಡ ಮುರಗೆಪ್ಪಜ್ಜನ ಹೊಲದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಾರ್ಖಾನೆಯವರು ಕಬ್ಬಿನ ತೂಕದಲ್ಲಿ ಮಾಡುವ ಮೋಸದ ವಿರುದ್ಧ ಸೋಮವಾರ ರಸ್ತೆಗೆ ಅಡ್ಡ ಕೂತವರೆಲ್ಲ ಅಲ್ಲಿದ್ದರು. ಅವರ ಎರಡು ಪಟ್ಟು ಹೊಸಬರೂ ಬಂದಿದ್ದರು. ನಾಲ್ಕು ಕಬ್ಬಿನ ಗಳ ಕಟ್ಟಿ ಮಾಡಿದ ನೆರಳಿನಲ್ಲಿ ಆ ಮುದುಕ ಕೂತಿದ್ದ. ಬೆನ್ನು ನೆಟ್ಟಗೆ, ಹಣೆ ತುಂಬ ವಿಭೂತಿ, ಹೆಗಲ ತುಂಬ ಬಾವುಟ. ಸುತ್ತ ಹೆಂಗಸರು. ಭಜನೆ ನಡೆದಿತ್ತು. ಪಕ್ಕದ ಹಸಿ ಮಣ್ಣಿನ ಗುಡ್ಡೆಯ ಬಳಿ ಗುದ್ದಲಿ ಹಿಡಿದು ಕೂತ ನಾಲ್ವರು ಊರವರು ಪೊಲೀಸರನ್ನೇ ನೋಡುತ್ತಿದ್ದರು.

"ಸೋಮವಾರನೂ ಇದೇ ಮುದುಕ, ಇವತ್ತೂ ಇದೇ ಮುದುಕ," ಫೌಜದಾರ ಗೊಣಗಿದ. "ನನ್ನ ನೌಕರಿ ತಿಂದಬಿಟ್ಟ."

ಹಾಲಸಿದ್ದ ಅತ್ತ ನೋಡಲಿಲ್ಲ. ಸೋಮವಾರ ಲಾಠಿ ಮುರಿದ ಮೇಲೆ ಬಂದೂಕಿನ ಸರದಿ ಬಂದಿತ್ತು. ಕಾಲಿಗೆ ಹೊಡಿ ಎಂದು ಅವನೊಬ್ಬನಿಗೇ ಹುಕುಂ ಆಗಿತ್ತು. ಆವತ್ತು ಈ ಬೋಲ್ಟು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಓಡಿತ್ತು.

ಜನರ ಗುಂಪಿನಿಂದ ಒಬ್ಬ ಎದ್ದು ಬಂದ. ಬಿಳಿ ಟೋಪಿ, ಹುರಿಮೀಸೆ. ದಂಡಿನಲ್ಲಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿ ಬಂದ ಲಗಮಣ್ಣ. ಈಗ ದ್ರಾಕ್ಷಿ ಬೆಳೆಯುತ್ತಾನೆ.

"ಕೊಡು ಇಲ್ಲಿ. ಆಗಿಂದ ನೋಡಾಕತ್ತೀನಿ, ಕಬ್ಬಿಣದ ಜೋಡಿ ಕುಸ್ತಿ ಹಿಡದಿ."

"ಊರಾಂವ ಆಗಿ ನಮ್ಮ ಬಂದೂಕು ರಿಪೇರಿ ಮಾಡ್ತಿಯೇನು?" ಫೌಜದಾರ ಅನುಮಾನದಿಂದ ಹತ್ತಿರ ಬಂದ.

"ನಿಮ್ಮ ಸಲುವಾಗಿ ಅಲ್ರಿ. ಮುರಗೆಪ್ಪಜ್ಜನ ಸಲುವಾಗಿ."

ಫೌಜದಾರ ಅವನ ಕೈಬೆರಳುಗಳ ಮೇಲೆಯೇ ಕಣ್ಣಿಟ್ಟ. ಲಗಮಣ್ಣ ಮ್ಯಾಗಜಿನ್ ಕಳಚಿದ. ಸ್ಪ್ರಿಂಗ್ ಒತ್ತಿ ನೋಡಿದ, ಪುಟಿಯಿತು. ಅದರ ಬಾಯಿಯ ತಗಡಿನ ತುಟಿ ಬಾಗಿದೆಯೇ ಎಂದು ಉಗುರಿನಿಂದ ಸವರಿದ, ನೆಟ್ಟಗಿತ್ತು. ಗುಂಡುಗಳನ್ನು ತೆಗೆದು ಮತ್ತೆ ಜೋಡಿಸಿದ.

"ಮ್ಯಾಲಿನ ಗುಂಡಿನ ಅಂಚು ಕೆಳಗಿನದರ ಅಂಚಿನ ಮುಂದ ಕುಂದರಬೇಕು. ಹಿಂದ ಬಿತ್ತಂದ್ರ ಒಂದನ್ನೊಂದು ಹಿಡಕೊಂಡು ಬಿಡಂಗಿಲ್ಲ, ದಾಯಾದಿಗಳಂಗ."

ಬೋಲ್ಟು ಎಳೆದು ನೂಕಿದ. ಕಟಕ್. ಅರ್ಧಕ್ಕೆ ನಿಂತಿತು. ಹಾಲಸಿದ್ದ ಹಲ್ಲು ಕಡಿದು ನೆಲಕ್ಕೆ ಉಗುಳಿದ.

ಲಗಮಣ್ಣ ಬಂದೂಕನ್ನು ತಿರುಗಿಸಿ, ಅದರ ಕಬ್ಬಿಣದಲ್ಲಿ ಕೊರೆದ ಇಸವಿ ಓದಿದ. "ನಲವತ್ತೆರಡು. ಆ ವರ್ಷ ಅಜ್ಜ ಹಿಂಡಲಗಾ ಜೇಲಿನ್ಯಾಗ ಇದ್ದ. ಬ್ರಿಟಿಷರ ಕೈಯಾಗ ಇದ್ದಾಗ ಇದು ಅಜ್ಜನ ತಂಟೆಗೆ ಬರಲಿಲ್ಲ ನೋಡು." ಫೌಜದಾರನ ಕಡೆ ತಿರುಗಿದ. "ಸೋಮವಾರದ ಗುಂಡು ಉಳದಿದ್ರ ಒಂದು ಕೊಡ್ರಿ."

"ಇಲ್ಲೇ ವಾಪಸ್ ಕೊಡಬೇಕು. ಇವತ್ತ ಅದು ಹಾರಬಾರದು."

ಲಗಮಣ್ಣ ಅದನ್ನು ಮ್ಯಾಗಜಿನ್ನಿಗೆ ಒತ್ತಿ ಬೋಲ್ಟು ನೂಕಿದ. ಸದ್ದೇ ಇಲ್ಲದೆ ಗುಂಡು ಒಳಗೆ ಹೋಯಿತು. ಹೊರಗೆ ತೆಗೆದು ಫೌಜದಾರನ ಕೈಗಿಟ್ಟ.

"ಬಂದೂಕಿಗೆ ರೋಗ ಇಲ್ರಿ. ರೂಢಿ ಅಷ್ಟ. ಇವತ್ತಿನವು ಮೋಟ ಗುಂಡು, ಹಾದಿ ಸಿಗವಲ್ದು. ಒಂದೊಂದ ಕೈಲೆ ಹಾಕಲಿ."

ಆಮೇಲೆ ಮುದುಕನ ಮಗಳು ಚನ್ನವ್ವ ಕೊಡ ಹೊತ್ತು ಬಂದಳು. ಬಿಸಿಲಿಗೆ ನಿಂತವರಿಗೆಲ್ಲ ನೀರು ಕೊಡುತ್ತಿದ್ದಳು, ಪೊಲೀಸರನ್ನೂ ಬಿಡಲಿಲ್ಲ. ಕಣ್ಣು ಕೆಂಪಾಗಿದ್ದವು.

"ಕುಡಿ ಅಣ್ಣಾ." ಹಾಲಸಿದ್ದ ಬೊಗಸೆ ಒಡ್ಡಿದ. ಅವಳು ನೀರು ಸುರಿಯುತ್ತ ಬಂದೂಕನ್ನು ನೋಡಿದಳು. "ಸೋಮವಾರ ಇಷ್ಟು ತ್ರಾಸ ಕೊಡಲಿಲ್ಲಲ್ಲ ಇದು."

ನೀರು ಬೊಗಸೆಯಿಂದ ಸೋರಿಹೋಯಿತು.

ಹನ್ನೆರಡಕ್ಕೆ ಜೀಪು ಬಂತು. ದೊಡ್ಡ ಸಾಹೇಬರು ಇಳಿದರು. ಜನ ಕೂಗಲಿಲ್ಲ, ದಾರಿ ಬಿಟ್ಟರು. ಭಜನೆ ನಿಂತಿತು. ಗುದ್ದಲಿಯವರು ಎದ್ದು ನಿಂತರು. ಮುದುಕ ಮಾತ್ರ ಮಿಸುಕಲಿಲ್ಲ.

ಹುಕುಂ ಬಂತು. ಹಾಲಸಿದ್ದ ಬೋಲ್ಟು ತೆರೆದು, ಒಂದೇ ಗುಂಡು ಹಿಡಿದ. ಬೆವೆತ ಬೆರಳಿನಿಂದ ಅದು ಜಾರಿ ಮಣ್ಣಿಗೆ ಬಿತ್ತು. ಅವನು ಬಗ್ಗಿ ಎತ್ತಿಕೊಳ್ಳಲಿಲ್ಲ. ಬೆಲ್ಟು ಹೋಯಿತು ಎಂದುಕೊಂಡ.

ಒಂಬತ್ತು ಬಂದೂಕುಗಳು ಒಟ್ಟಿಗೆ ಗುಡುಗಿದವು. ಯಾರೂ ಬೀಳಲಿಲ್ಲ. ಯಾರೂ ಓಡಲಿಲ್ಲ.

ಸ್ವಾತಂತ್ರ್ಯ ಹೋರಾಟಗಾರ ಮುರಗೆಪ್ಪನ ಕೂರಿಸಿದ ಹೆಣಕ್ಕೆ, ಮಣ್ಣು ಮಾಡುವ ಮೊದಲು, ಸರ್ಕಾರ ಸೀಸವಿಲ್ಲದ ಗುಂಡುಗಳಿಂದ ಆಕಾಶಕ್ಕೆ ಸಲ್ಲಿಸಿದ ಗೌರವದಲ್ಲಿ ಒಂದು ಕಡಿಮೆ ಬಿತ್ತು. ಆ ಒಂದನ್ನು ಹತ್ತನೆಯ ಬಂದೂಕು ಸೋಮವಾರವೇ ಅವನ ಎದೆಗೆ ಸಲ್ಲಿಸಿಯಾಗಿತ್ತು.