ಒಂದೂವರೆ ಸೆಂಟಿಮೀಟರ್ ಕಪ್ಪು

“ಐದು ಜನ, ಐದು ತಲೆ, ಒಂದೇ ಹೊತ್ತಿಗೆ ಕಪ್ಪು. ಇದು ಹೇಗಮ್ಮಾ ಸಾಧ್ಯ?” ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆಯೇ ಪ್ರೊಫೆಸರ್ ಕೇಳಿದರು.

ಪಕ್ಕದಲ್ಲಿದ್ದ ಸಹಾಯಕಿ ಒಂದು ಹೆಜ್ಜೆ ಹಿಂದೆ ಸರಿದಳು. ತಲೆ ಏಕೆ ನರೆಯುತ್ತದೆ, ನರೆತದ್ದು ಮತ್ತೆ ಕಪ್ಪಾಗುತ್ತದೆಯೇ ಎಂದು ಮೂರು ವರ್ಷದಿಂದ ಹುಡುಕುತ್ತಿದ್ದ ಆ ಪ್ರಯೋಗಾಲಯದಲ್ಲಿ ಇಷ್ಟು ದಿನ ಮುಂದಕ್ಕೆ ಹೋಗಿದ್ದೆಂದರೆ ಗಡುವು ಒಂದೇ. ಈಗ ನೋಡಿದರೆ ಗಾಜಿನ ಮೇಲೆ ಐದು ಕೂದಲು. ತುದಿ ಬಿಳಿ, ಬುಡ ಬಿಳಿ, ನಡುವೆ ಮಾತ್ರ ಯಾರೋ ಮಸಿಯಲ್ಲಿ ಅದ್ದಿ ತೆಗೆದಂತೆ ಕಪ್ಪು.

“ಯಾರಿವರು? ಏನು ತಿಂದರು, ಎಲ್ಲಿಗೆ ಹೋಗಿದ್ದರು, ಎಷ್ಟು ಹೊತ್ತು ಮಲಗಿದರು? ಎಲ್ಲಾ ಬೇಕು. ಅದೇ ನಮ್ಮ ಔಷಧಿ. ಸೋಮವಾರ ಸಮಿತಿ ಮುಂದೆ ಇಡ್ತೀನಿ.”

“ಸಾರ್, ಬೈಬೇಡಿ.”

“ನಾನು ಯಾವತ್ತಮ್ಮಾ ಬೈದಿದ್ದೀನಿ?”

ಬೀರುವಿನ ಬಳಿ ಕಡತ ಜೋಡಿಸುತ್ತಿದ್ದ ಗುಮಾಸ್ತನಿಗೆ ಕೆಮ್ಮು ಬಂತು. ಸಹಾಯಕಿ ಸೆರಗಿನ ಅಂಚು ಹಿಡಿದು ಒಂದೇ ಉಸಿರಿಗೆ ಹೇಳಿಬಿಟ್ಟಳು. “ಹೊರಗಿನವರು ಎರಡನೇ ತಿಂಗಳಿಗೇ ಬರೋದು ಬಿಟ್ರು ಸಾರ್. ಕೂದಲು ಕೀಳಿಸ್ಕೊಳ್ಳೋದು ನೋವು, ದಿನಾ ಮನಸ್ಸು ಹೇಗಿತ್ತು ಅಂತ ಬರೆಯೋದು ಅದಕ್ಕಿಂತ ನೋವು ಅಂದ್ರು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ. ಇಲ್ಲಿಯವರದೇ ಕಿತ್ತೆ. ಒಂದನೇದು ನಂದು. ಎರಡು ಗುಮಾಸ್ತರದು. ಮೂರು ವಾಚ್‌ಮನ್‌ದು. ನಾಲ್ಕು ಗಾಜಿನ ಸಾಮಾನು ತೊಳೆಯೋ ಅಮ್ಮಂದು. ಐದು ನಿಮ್ಮ ಡ್ರೈವರ್‌ದು.”

ಹೇಳಿ ಕಣ್ಣು ಮುಚ್ಚಿಕೊಂಡಳು. ಗುಡುಗಪ್ಪ ಎಂದು ಪ್ರೊಫೆಸರರಿಗೆ ಹೆಸರಿಟ್ಟವಳು ಅವಳೇ. ಮುಂದಿನ ತಿಂಗಳು ಅವಳ ಕೆಲಸ ಮುಂದುವರಿಯಬೇಕಾದರೆ ಸಹಿ ಹಾಕಬೇಕಾದವರೂ ಅವರೇ. ಆದರೆ ಗುಡುಗು ಬರಲಿಲ್ಲ. ಪ್ರೊಫೆಸರ್ ಆಗಲೇ ಅಳತೆಪಟ್ಟಿ ಹಿಡಿದು ಲೆಕ್ಕಕ್ಕೆ ಇಳಿದಿದ್ದರು.

“ತಿಂಗಳಿಗೆ ಒಂದು ಸೆಂಟಿಮೀಟರ್. ಬುಡದ ಬಿಳಿ ಒಂದೂವರೆ ಅಂದ್ರೆ ಈಚಿನ ಆರು ವಾರ. ಕಪ್ಪು ಒಂದೂವರೆ ಅಂದ್ರೆ ಅದರ ಹಿಂದಿನ ಆರು ವಾರ. ಅಂದ್ರೆ, ನಾನು ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡ ದಿನದಿಂದ ಊರುಗೋಲು ಹಿಡ್ಕೊಂಡು ವಾಪಸ್ ಬಂದ ದಿನದವರೆಗೆ.” ಹಣೆ ಚಚ್ಚಿಕೊಂಡರು. “ಛೆ, ಎಂಥ ಹೊತ್ತಲ್ಲಿ ಬಿದ್ದೆ ನೋಡು. ನಾನು ಇದ್ದಿದ್ರೆ ಕಣ್ಣಾರೆ ನೋಡ್ತಿದ್ದೆ.”

ಗುಮಾಸ್ತ ಮುಖವನ್ನು ಬೀರುವಿನೊಳಗೇ ತೂರಿಸಿದ. ಅವನ ಭುಜ ಮಾತ್ರ ಕುಲುಕುತ್ತಿತ್ತು.

“ನೀರಿನ ಫಿಲ್ಟರ್ ಬದಲಾಯಿಸಿದ್ರಾ?”

“ಇಲ್ಲ ಸಾರ್.”

“ಗೋಡೆಗೆ ಬಣ್ಣ ಗಿಣ್ಣ?”

“ಇಲ್ಲ.”

“ಏನೋ ಒಂದು ಬದಲಾಗಿರಲೇಬೇಕಲ್ಲಮ್ಮಾ?”

ಅವಳು ಅವರ ಮುರಿದು ಕೂಡಿದ್ದ ಕಾಲನ್ನೊಮ್ಮೆ ನೋಡಿ, ಗಾಜಿನ ಪಟ್ಟಿ ಒರೆಸತೊಡಗಿದಳು.

“ಸರಿ, ಹೋಲಿಕೆಗೆ ಒಂದು ಬೇಕು. ಈ ಕಟ್ಟಡದ ಗಾಳಿನೋ ನೀರೋ ಕಾರಣ ಆಗಿದ್ರೆ, ಮನೇಲಿ ಮಲಗಿದ್ದ ನನ್ನ ಕೂದಲಲ್ಲಿ ಏನೂ ಇರಬಾರದು.” ಐವತ್ತೊಂಬತ್ತಾದರೂ ಬಣ್ಣ ಕಾಣದ ಕಪ್ಪು ತಲೆ ಅವರದು, ಬಂದವರಿಗೆಲ್ಲ ಮುಟ್ಟಿ ನೋಡಿ ಎನ್ನುತ್ತಿದ್ದರು. ಕನ್ನಡಿಗೆ ಕಾಣದ ಕಿವಿಯ ಹಿಂದಕ್ಕೆ ಕೈ ಹಾಕಿ, ಒಂದು ಎಳೆ ಕಿತ್ತು, “ಸ್ಸ್” ಎಂದು ಅವಳ ಕೈಗಿಟ್ಟರು.

ಅವಳು ಗಾಜಿನ ಮೇಲೆ ಅದನ್ನು ಮಲಗಿಸಿ ಕಣ್ಣಿಟ್ಟಳು. ತುದಿ ಕಪ್ಪು. ಬುಡ ಕಪ್ಪು. ನಡುವೆ ಒಂದೂವರೆ ಸೆಂಟಿಮೀಟರ್ ಹತ್ತಿಯ ಎಳೆಯಷ್ಟು ಬಿಳಿ. ತಪ್ಪಿರಬೇಕೆಂದು ಮತ್ತೊಮ್ಮೆ ಅಳೆದಳು. ಅಷ್ಟೇ.

ಆ ಆರು ವಾರ ಅವಳಿಗೆ ನೆನಪಿತ್ತು. ಒಂದು ಗಂಟೆಗೆ ಸರಿಯಾಗಿ ಎಲ್ಲರೂ ಊಟದ ಡಬ್ಬಿ ಬಿಚ್ಚುತ್ತಿದ್ದರು. ವಾಚ್‌ಮನ್ ಗೇಟಿನಲ್ಲಿ ಕೂತು ಹಾಡು ಗುನುಗುತ್ತಿದ್ದ. ಮೊದಲೆರಡು ದಿನ ಹತ್ತು ಹತ್ತು ಸಲ ಫೋನ್ ಬಡಿದುಕೊಳ್ಳುತ್ತಿತ್ತು. ಎತ್ತಿದರೆ ಪ್ರೊಫೆಸರರದೇ ಗಂಟಲು, ಅದು ಎಲ್ಲಿಗೆ ಬಂತು, ಇದು ಏನಾಯಿತು, ಅಲ್ಲಿ ಎಲ್ಲರೂ ಹೇಗಿದ್ದೀರಿ ಎಂದು. ಮೂರನೇ ದಿನಕ್ಕೆ ಅದರ ವಯರು ಕಿತ್ತಿಟ್ಟವಳೂ ಅವಳೇ. ಆ ತುದಿಯಲ್ಲಿ ಮಂಚದ ಮೇಲೆ ಕಾಲು ಚಾಚಿಕೊಂಡು ಒಬ್ಬರು ರಿಂಗು ಕೇಳಿಸಿಕೊಳ್ಳುತ್ತಾ ಕೂತಿದ್ದರೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

“ನಂದರಲ್ಲಿ ಏನೂ ಇಲ್ಲ ತಾನೆ?”

ಅವಳು ಸ್ಟೂಲು ಬಿಟ್ಟುಕೊಟ್ಟಳು. ಪ್ರೊಫೆಸರ್ ಬಗ್ಗಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಆಮೇಲೆ ತಲೆಯೆತ್ತಿ ಅವಳ ನರೆತ ಬೈತಲೆಯನ್ನು, ಅಲ್ಲಿಂದ ಗುಮಾಸ್ತನ ನೆತ್ತಿಯನ್ನು, ಮೊದಲ ಸಲ ಕಂಡವರಂತೆ ನೋಡಿದರು.

“ಒಂದು ಸಲ ಆದದ್ದನ್ನ ಸಮಿತಿ ನಂಬಲ್ಲ. ಇನ್ನೊಂದು ಸಲ ಮಾಡಿ ತೋರಿಸಬೇಕು.” ಅವರ ದನಿ ಇಷ್ಟು ತಗ್ಗಿದ್ದನ್ನು ಆ ಕೋಣೆ ಕೇಳಿರಲಿಲ್ಲ.

“ನಾವೇನ್ ಮಾಡ್ಬೇಕು ಸಾರ್?”

“ನೀವೇನೂ ಮಾಡೋದು ಬೇಡ. ನಾನು ಆರು ವಾರ ಮನೇಲಿರಬೇಕು.”

“ಬೇಡ ಸಾರ್,” ಎಂದುಬಿಟ್ಟಳು. ಎಂದದ್ದು ತಾನೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

ಅಷ್ಟರಲ್ಲಿ, ಒಂದು ಕಾಗದ ಹುಡುಕಲು ಹದಿನೈದು ದಿನ ತೆಗೆದುಕೊಳ್ಳುವ ಗುಮಾಸ್ತ ರಜೆ ಅರ್ಜಿಯ ನಮೂನೆಯನ್ನು ಪ್ರೊಫೆಸರರ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡು ನಿಂತಿದ್ದ.