ನಾಲಿಗೆಗೆ ಬಾರದ ಸಂಸದ

ಬಲು ಹಿಂದೆಯೋ ಬಲು ಮುಂದೆಯೋ, ಒಂದು ಊರಿತ್ತು. ಅಲ್ಲಿ ಕೊಟ್ಟ ಮಾತು ನಡೆಸದವರ ಹುದ್ದೆಯ ಹೆಸರು ಯಾರ ನಾಲಿಗೆಗೂ ಬರುತ್ತಿರಲಿಲ್ಲ. ಜನಕ್ಕೆ ಅದು ರೂಢಿಯಾಗಿಹೋಗಿತ್ತು.

ಆ ಊರಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಇಂದುಮತಿ ಬೆಳಗಿನಿಂದ ಮೈಕು ಹಿಡಿದು ನಿಂತಿದ್ದಳು. ಚುನಾವಣೆಯಲ್ಲಿ ವೀರಭದ್ರಪ್ಪನವರು ಮಾತು ಕೊಟ್ಟಿದ್ದ ಹೆಂಗಸರ ಶೌಚಾಲಯ ಎಂದೋ ಕಟ್ಟಿ ಮುಗಿದಿತ್ತು. ಉದ್ಘಾಟನೆಗೆಂದು ಬೀಗ ಮಾತ್ರ ಹಾಗೇ ಇತ್ತು. ಕಾದೂ ಕಾದೂ ಅವಳಿಗೇ ತಡೆಯಲಾಗದಂತಾಗಿತ್ತು.

"ನಮ್ಮ ನೆಚ್ಚಿನ ಸಂ... ಸಂ..." ಮುಂದಿನದು ಬರಲೊಲ್ಲದು.

"ಪೂರ್ತಿ ಹೇಳಮ್ಮ," ಎಂದರು ಕತ್ತರಿ ಹಿಡಿದ ವೀರಭದ್ರಪ್ಪನವರು. "ಹುದ್ದೆ ಹೇಳಿ ಕರೀದೆ ನಾನು ಟೇಪು ಕತ್ತರಿಸಲ್ಲ."

"ಸಂಸತ್ತಿಗೆ ನಾವು ಕಳಿಸಿದವರು ಅಂದ್ರೆ ಸಾಲ್ದಾ ಸಾರ್?"

"ಸಾಲ್ದು."

"ನೀವು ಬೀಗ ತೆಗೀದೆ ಅದು ಬರಲ್ಲ, ಅದು ಬರದೆ ನೀವು ತೆಗಿಯಲ್ಲ. ನಾನೇನು ಇಲ್ಲೇ ಕೂತ್ಬಿಡ್ಲಾ?"

"ತೆಗಿಯೋ ಮಾರಾಯ!" ಹೂವು ಮಾರುವ ಚಿಕ್ಕತಾಯಮ್ಮ ಶೌಚಾಲಯದ ಮುಂದೆ ಕಾದಿದ್ದ ಹೆಂಗಸರ ಸಾಲಿನಿಂದಲೇ ಗದರಿದಳು. "ನಮ್ ಕಷ್ಟ ನಿಂಗೇನ್ ಗೊತ್ತು!"

ಹೆಂಗಸರೆಲ್ಲ ಗೊಳ್ಳೆಂದರು. ವೀರಭದ್ರಪ್ಪನವರು ಗೊಣಗುತ್ತಾ ಬೀಗ ತೆಗೆದರು.

ಇಂದುಮತಿಯ ನಾಲಿಗೆಯ ತುದಿಗೆ ಆ ಪದ ತಾನಾಗಿ ಬಂದು ನಿಂತಿತು.

"ಈಗ ಹೇಳಮ್ಮ!"

"ನೀವೇ ಹೇಳ್ಕೊಳ್ಳಿ ಸಾರ್, ಈಗ ಬರುತ್ತೆ!" ಎಂದವಳೇ ಮೈಕನ್ನು ಅವರ ಕೈಗೆ ತುರುಕಿ ಒಳಗೆ ಓಡಿ ಚಿಲಕ ಹಾಕಿಕೊಂಡಳು.