ಊರು ದಾಟಲಾಗದ ಬಾಕ್ಸರ್

ಇದು ಕಥೆಯೇ... ಆದರೂ ಓದಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಅದಕ್ಕೇ ನಿಮಗೂ ಕಳಿಸುತ್ತಿದ್ದೇನೆ.

ಆಗಿನ ಸೋವಿಯತ್ ದೇಶ. ಉಕ್ಕಿನ ಕಾರ್ಖಾನೆಯ ಒಂದು ಊರು. ಅಲ್ಲಿ ಯೆಫಿಮ್ ಎಂಬ ಹೆವಿವೇಟ್ ಬಾಕ್ಸರ್ ಇದ್ದ.

ಆ ದೇಶದಲ್ಲಿ ದುಡ್ಡಿಗಾಗಿ ಬಾಕ್ಸಿಂಗ್ ಆಡುವಂತಿರಲಿಲ್ಲ. ಎಲ್ಲರೂ ಅಮೆಚೂರ್‌ಗಳೇ. ಹಗಲು ಕುಲುಮೆಯ ಮುಂದೆ ಕೆಲಸ, ಸಂಜೆ ಕಾರ್ಖಾನೆಯ ಜಿಮ್...

ಯೆಫಿಮ್ ದೇಶದ ಚಾಂಪಿಯನ್ ಆದ. ಇನ್ನು ಉಳಿದಿದ್ದು ಒಂದೇ ಕನಸು. ಒಲಿಂಪಿಕ್ಸ್!

ತಂದೆಯಿಲ್ಲದ ಅವನನ್ನು ಬೆಳೆಸಿದ್ದು ಕೋಚ್ ಲಾಜರ್ ಮಾರ್ಕೊವಿಚ್. ಆ ಕಡೆ ಹಿರಿಯರನ್ನು ತಂದೆಯ ಹೆಸರು ಸೇರಿಸಿಯೇ ಕರೆಯುತ್ತಾರೆ, ಅದು ಮರ್ಯಾದೆ.

ಲಾಜರ್ ಅವರ ಒಬ್ಬಳೇ ಮಗಳು ವಿದೇಶದಲ್ಲಿದ್ದಳು. ವಯಸ್ಸಾಯಿತು, ಮಗಳ ಹತ್ತಿರ ಹೋಗುತ್ತೇನೆ, ಅನುಮತಿ ಕೊಡಿ ಎಂದು ಅವರು ಕೇಳಿದರು.

ಅಷ್ಟೇ... ದೇಶ ಬಿಡುತ್ತೇನೆ ಎನ್ನುವುದೇ ಅಲ್ಲಿ ಅಪರಾಧ. ನಿನ್ನೆಯವರೆಗೆ ಗುರುವಾಗಿದ್ದ ಮನುಷ್ಯ ಇವತ್ತು ದೇಶದ್ರೋಹಿ!

ಪಕ್ಷದ ಅಧಿಕಾರಿಯೊಬ್ಬ ಯೆಫಿಮ್‌ನನ್ನು ಕರೆಸಿದ.

"ನಾಳೆ ಮೀಟಿಂಗ್ ಇದೆ. ಮೈಕ್ ಮುಂದೆ ನಿಂತು, ಈ ಮುದುಕ ದ್ರೋಹಿ, ಇವನಿಗೂ ನನಗೂ ಸಂಬಂಧ ಇಲ್ಲ ಅಂತ ಹೇಳು. ಆಮೇಲೆ ಒಲಿಂಪಿಕ್ಸ್‌ಗೆ ವಿಮಾನ ಹತ್ತು."

"ಹೇಳದಿದ್ರೆ?"

ಅಧಿಕಾರಿ ನಕ್ಕ. "ನಮ್ಮೂರೇನು ಅಷ್ಟು ಕೆಟ್ಟದಾಗಿಲ್ಲ ಬಿಡಪ್ಪ. ಇಲ್ಲೇ ಇರು... ಸಾಯೋವರೆಗೂ."

ಯೆಫಿಮ್ ನೇರವಾಗಿ ಕೋಚ್ ಮನೆಗೆ ಹೋದ. ಅವರಿಗೆ ವಿಷಯ ಗೊತ್ತಾಗಿತ್ತು.

"ಹೇಳಿಬಿಡು ಮಗನೇ... ನನಗೆ ಬೇಜಾರಿಲ್ಲ. ನಿನ್ನ ವಯಸ್ಸು ಮತ್ತೆ ಬರಲ್ಲ. ನೀನು ರಿಂಗ್‌ಗೆ ಇಳಿಯೋದನ್ನ ಪ್ರಪಂಚ ನೋಡಬೇಕು."

ಮರುದಿನ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಲಾಜರ್ ಒಬ್ಬರೇ. ಅಕ್ಕಪಕ್ಕದ ಕುರ್ಚಿಗಳಲ್ಲಿ ಯಾರೂ ಕೂರಲಿಲ್ಲ.

ಮೊದಲು ಎದ್ದವನು ಗೆನ್ನಾದಿ. ಅವನೂ ಲಾಜರ್ ಅವರ ಶಿಷ್ಯನೇ, ಅವನೂ ಹೆವಿವೇಟ್. ನೆಲ ನೋಡುತ್ತಾ ಹೇಳಬೇಕಾದ್ದನ್ನೆಲ್ಲ ಗಡಿಬಿಡಿಯಲ್ಲಿ ಹೇಳಿ ಕೂತುಬಿಟ್ಟ.

ನಂತರ ಯೆಫಿಮ್. ಕೋಚ್ ಕಣ್ಣಲ್ಲೇ, ಹೇಳು, ಹೇಳು ಎನ್ನುತ್ತಿದ್ದರು...

"ನಾನು ಎದುರಿಗೆ ನಿಂತವನಿಗೆ ಮಾತ್ರ ಹೊಡೆಯೋನು," ಎಂದ ಯೆಫಿಮ್. "ಬೆನ್ನಿಗೆ ಹೊಡೆಯೋದನ್ನ ಲಾಜರ್ ಮಾರ್ಕೊವಿಚ್ ನನಗೆ ಕಲಿಸಿಲ್ಲ."

ಲಾಜರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಅಲ್ಲಿಗೆ ಯೆಫಿಮ್‌ನ ಬಾಗಿಲುಗಳೆಲ್ಲ ಒಂದೊಂದಾಗಿ ಮುಚ್ಚಿದವು...

ಪಾಸ್‌ಪೋರ್ಟ್ ಇಲ್ಲ. ಟೂರ್ನಮೆಂಟ್ ಇಲ್ಲ. ಜಿಮ್‌ಗೂ ಪ್ರವೇಶವಿಲ್ಲ. ಪಕ್ಕದ ಊರಿಗೆ ಹೋಗಬೇಕೆಂದರೂ ಅನುಮತಿ ಬೇಕು.

ಇನ್ನೂ ನೋವಿನ ವಿಷಯ... ಲಾಜರ್ ಅವರಿಗೂ ಅನುಮತಿ ಸಿಗಲಿಲ್ಲ. ಗುರು, ಶಿಷ್ಯ ಇಬ್ಬರೂ ಅದೇ ಊರಲ್ಲಿ ಬಂದಿಗಳು.

"ಹುಚ್ಚಪ್ಪ ನೀನು!" ಎಂದು ಕೋಚ್ ಬೈಯುತ್ತಿದ್ದರು. ಬೈಯುತ್ತಲೇ ಅವನಿಗೆ ಸೂಪ್ ಬಡಿಸುತ್ತಿದ್ದರು.

ಯೆಫಿಮ್ ಬೆಳಗ್ಗೆ ಎದ್ದು ನದಿಯ ಸೇತುವೆಯವರೆಗೆ ಓಡುತ್ತಿದ್ದ. ಅಲ್ಲಿ ಕಾವಲುಗಾರ ಕೈ ಅಡ್ಡ ಹಿಡಿಯುತ್ತಿದ್ದ. ವಾಪಸ್ ಓಡುತ್ತಿದ್ದ.

ಮೈಯಲ್ಲಿ ಆನೆಯ ಬಲ... ಹೊಡೆಯಲು ಮಾತ್ರ ಒಂದು ರಿಂಗ್ ಇಲ್ಲ.

ಒಲಿಂಪಿಕ್ಸ್‌ಗೆ ಗೆನ್ನಾದಿ ಹೋದ. ಕಾರ್ಖಾನೆಯ ಕ್ಯಾಂಟೀನಿನ ಟಿವಿಯಲ್ಲಿ ಫೈನಲ್ ಬಂತು. ಎಲ್ಲರೂ ಟಿವಿ ನೋಡುತ್ತಾ ಮಧ್ಯೆ ಮಧ್ಯೆ ಯೆಫಿಮ್‌ನ ಮುಖ ನೋಡುತ್ತಿದ್ದರು.

ಗೆನ್ನಾದಿ ಸೋತು ಬೆಳ್ಳಿ ಪಡೆದ. ಅವನನ್ನು ಕೆಡವಿದ ಆ ಹೊಡೆತ... ಯೆಫಿಮ್ ಅದನ್ನು ನಿದ್ದೆಯಲ್ಲೂ ತಪ್ಪಿಸಿಕೊಳ್ಳಬಲ್ಲವನು!

ಅವತ್ತು ಮೊದಲ ಸಲ ಅವನಿಗೆ ಅನ್ನಿಸಿತು. ಒಂದೇ ಒಂದು ಮಾತು ಹೇಳಿಬಿಟ್ಟಿದ್ದರೆ...

ಹೊರಗೆ ಬಂದು ಕಾರ್ಖಾನೆಯ ಗೋಡೆಗೆ ಗುದ್ದಿದ. ಬಲಗೈ ಮೂಳೆ ಮುರಿಯಿತು. ಬಾಕ್ಸಿಂಗ್ ಅಲ್ಲಿಗೆ ಮುಗಿಯಿತು.

ವರ್ಷಗಳು ಕಳೆದವು. ಒಂದು ಭಾನುವಾರ ಯಾರೋ ಬಾಗಿಲು ತಟ್ಟಿದರು. ಒಳ್ಳೆಯ ಕೋಟು, ವಿದೇಶದ ಬೂಟು... ಗೆನ್ನಾದಿ!

ಒಳಗೆ ಬಂದು ಕೂತ.

ಯೆಫಿಮ್ ಕೇಳಿಯೇಬಿಟ್ಟ. "ಎಷ್ಟು ದೇಶ ನೋಡಿದೆ? ಹೇಳು, ಕೇಳೋಣ. ನಾನಂತೂ ಆ ಸೇತುವೆ ದಾಟಿಲ್ಲ."

ಗೆನ್ನಾದಿ ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ದೇಶಗಳನ್ನ ಬಿಡು ಯೆಫಿಮ್... ಇದೇ ಊರಲ್ಲಿ, ನಮ್ಮ ಕೋಚ್ ಇರೋ ಬೀದಿಗೆ ಹೋಗೋಕೆ ನನಗೆ ಆಗ್ತಿಲ್ಲ. ಮೂಲೆವರೆಗೂ ಹೋಗ್ತೀನಿ, ತಿರುಗಿ ಬರ್ತೀನಿ. ನಾನು ಪ್ರಪಂಚ ಸುತ್ತಿದೆ... ಆದ್ರೆ ಆವತ್ತಿನ ಆ ಹಾಲ್‌ನಿಂದ ಹೊರಗೇ ಬಂದಿಲ್ಲ ಕಣೋ."

ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಅತ್ತುಬಿಟ್ಟ.

ಯೆಫಿಮ್ ಅವನನ್ನೇ ನೋಡುತ್ತಾ ಕೂತ. ಇಷ್ಟು ವರ್ಷ ತಾನು ಹೊಟ್ಟೆಕಿಚ್ಚು ಪಟ್ಟಿದ್ದು ಈ ಮನುಷ್ಯನ ಮೇಲೆಯೇ?

"ಏಳು," ಎಂದ. "ಕೋಟು ಹಾಕ್ಕೋ."

ಬೀದಿಯ ಮೂಲೆ ಬಂದಾಗ ಗೆನ್ನಾದಿಯ ಕಾಲು ನಿಂತುಹೋಯಿತು. ಯೆಫಿಮ್ ಅವನ ತೋಳು ಹಿಡಿದುಕೊಂಡೇ ನಡೆಸಿದ.

ಬಾಗಿಲು ತೆರೆಯಿತು. ಬೆನ್ನು ಬಾಗಿದ ಲಾಜರ್ ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೆನ್ನಾದಿ ತಲೆ ಎತ್ತಲಿಲ್ಲ.

"ಫೈನಲ್ ನೋಡಿದೆ," ಎಂದರು ಲಾಜರ್. "ಎಡಗೈ ಕೆಳಗೆ ಬಿಟ್ಟೆಯಲ್ಲೋ ಕತ್ತೆ! ಅದಕ್ಕೇ ಸೋತೆ."

ಆಮೇಲೆ ಬಾಗಿಲಿಂದ ಪಕ್ಕಕ್ಕೆ ಸರಿದರು.

"ಒಳಗೆ ಬನ್ನಿ ಇಬ್ಬರೂ... ಚಳಿ ಇದೆ."

ನಮ್ಮನ್ನು ಊರಲ್ಲಿ ಕೂಡಿಹಾಕುವವರು ಬೇರೆಯವರು... ಆದರೆ ಒಬ್ಬರ ಮನೆಯ ಮುಂದೆ ತಲೆ ಎತ್ತಿ ನಿಲ್ಲುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವವರು ನಾವೇ.

ನೀವು ಮೂಲೆವರೆಗೂ ಹೋಗಿ ತಿರುಗಿ ಬರುತ್ತಿರುವ ಬೀದಿ ಯಾವುದು? ಅಲ್ಲಿಗೆ ನಿಮ್ಮ ತೋಳು ಹಿಡಿದು ಕರೆದುಕೊಂಡು ಹೋಗುವವರು ಯಾರಾದರೂ ಇದ್ದಾರೆಯೇ?